ಎರಡು ಬೆರಳು ದಪ್ಪ

ತೇಗ ಬಂದ ದಿನ ನನಗೆ ರಜೆ ಇದ್ದಂತೆ.
ಬೆಣ್ಣೆಗೆ ದಾರ ಎಳೆದ ಹಾಗೆ ಬ್ಲೇಡು ಹೋಗುತ್ತದೆ,
ಸಾಮಿಲ್ಲಿನ ಮೂಲೆಯಲ್ಲಿ ಅರ ಕೆಳಗಿಟ್ಟು
ಒಂದು ಪೂರ್ತಿ ಬೀಡಿ ಸೇದುತ್ತೇನೆ.
ಹುಣಸೆ ಬಂದರೆ ಹಾಗಲ್ಲ.
ಅರ್ಧ ದಿಮ್ಮಿಗೇ ಹಲ್ಲು ಮೊಂಡು,
ಹೆಸರು ಹಿಡಿದು ಕೂಗು:
'ಮೌನಾಚಾರಿ, ಬ್ಲೇಡು!'

ಗಡಿಯಾಚೆಯ ತೆಲುಗಿನಲ್ಲಿ ಇದು ಚಿಂತ.
ನಮ್ಮ ಕನ್ನಡದಲ್ಲಿ ಚಿಂತೆ ಬೇರೆ.
ಚಿಂತಾಮಣಿಯಲ್ಲಿ ಕೂತು ಗರಗಸದ ಹಲ್ಲು ತಿಕ್ಕುವ ನನಗೆ
ಎರಡೂ ಒಂದೇ ಮರ.

ಮದನಪಲ್ಲಿ ರಸ್ತೆ ಅಗಲವಾದಾಗ ಸಾಲಾಗಿ ಬಂದವು,
ಒಂದೊಂದರ ಹೊಟ್ಟೆಯ ಮೇಲೂ ಬಿಳಿ ಬಣ್ಣದ ನಂಬರು.
ಮೈಯೊಳಗೆ ಏನೇನು ನುಂಗಿದ್ದವೋ:
ಟ್ಯೂಷನ್ ಬೋರ್ಡಿನ ತಂತಿ, ಎತ್ತಿನ ಲಾಳ,
ದೆವ್ವ ಕಟ್ಟಿಹಾಕಲು ಯಾರೋ ಜಡಿದ ಗೇಣುದ್ದದ ಮೊಳೆ.
ದೆವ್ವ ಸಿಕ್ಕಿತೋ ಇಲ್ಲವೋ,
ನನ್ನ ಬ್ಲೇಡು ಸಿಕ್ಕಿಬಿತ್ತು.

ಹೊರಗೆ ಹಳದಿ ಬಿಳುಪು, ಹುಳಕ್ಕೆ ಇಷ್ಟ.
ಅದನ್ನು ದಾಟಿದರೆ ನಡುವೆ ಕೈಯಗಲ ಕೆಚ್ಚು,
ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ,
ಎಳೆಗೆ ಎಳೆ ಹೆಣೆದುಕೊಂಡು
ಯಾವ ಕಡೆಯಿಂದ ಹೊಡೆದರೂ ಸೀಳಲು ಒಪ್ಪದ್ದು.
ಬಾಗಿಲಿಗೆ ಆಗದು, ತಿರುಚಿಕೊಳ್ಳುತ್ತದೆ.
ಮಂಚಕ್ಕೆ ಬೇಡ, ಎತ್ತುವವರಿಲ್ಲ.
ಗಾಣಕ್ಕೆ ಆಗುತ್ತಿತ್ತು, ಗಾಣವೇ ಹೋಯಿತು.
ಒನಕೆಗೆ, ಕೊಡತಿಗೆ, ಗುದ್ದಲಿಯ ಕಾವಿಗೆ.
ಅಂದರೆ ಏಟು ಕೊಡುವುದಕ್ಕೆ,
ಇಲ್ಲವೇ ತಿನ್ನುವುದಕ್ಕೆ.

ಗಾದೆ ಇದೆಯಲ್ಲ, ಮರ ಮುಪ್ಪಾದರೆ ಹುಳಿ ಮುಪ್ಪೇ ಅಂತ.
ಒಂದು ಮಧ್ಯಾಹ್ನ ಕರೆಂಟು ಹೋದಾಗ
ಚಿಟಿಕೆ ಹೊಟ್ಟು ನಾಲಿಗೆಗಿಟ್ಟು ನೋಡಿದೆ.
ಚಿಗುರು ಹುಳಿ, ಹೂವು ಹುಳಿ, ಕಾಯಿ ಕೇಳಲೇಬೇಡಿ.
ಮರ ಮಾತ್ರ ಸಪ್ಪೆ.
ಯಾರಿಗೂ ಹೇಳಲಿಲ್ಲ. ಹೇಳುವಂಥ ಸುದ್ದಿಯೂ ಅಲ್ಲ.

ಮೊನ್ನೆ ಮಂಗಳವಾರ ದಸ್ತಗೀರ್ ಬಂದ,
ಆಟೋದಲ್ಲಿ ಗೋಣಿ ಸುತ್ತಿದ ಕೊರಡು.
ಇದೇ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷದ ಹಿಂದೆ
ಅಡ್ಡಕ್ಕೆ ಕುಯ್ದು ಕೊಟ್ಟದ್ದು.
ಅವರಪ್ಪ ಅದನ್ನು ಎರಡು ತಿಂಗಳು ನೆರಳಲ್ಲಿಟ್ಟು,
ಸೀಳು ಬಿಡದಂತೆ ಕೆಮ್ಮಣ್ಣು ಮೆತ್ತಿ,
ಆಮೇಲೆ ದಿನಾ ರಾತ್ರಿ ಕೆರೆದು
ಕಲ್ಲುಪ್ಪು ಚೆಲ್ಲಿ ಮಲಗಿಸುತ್ತಿದ್ದರಂತೆ.
ಈಗ ನಡುವೆ ತಗ್ಗು,
ಒಂದು ಮಗು ತಲೆಯಿಟ್ಟು ಮಲಗಬಹುದಾದಷ್ಟು.
'ಚರ್ಬಿ ನಿಲ್ಲುತ್ತೆ ಆಚಾರ್ರೇ, ಸಮ ಮಾಡಿಕೊಡಿ.
ಎರಡು ಬೆರಳು. ಜಾಸ್ತಿ ಬೇಡ.'

ನಾನು ಮಾಂಸದಂಗಡಿಯ ಮೆಟ್ಟಿಲು ಹತ್ತಿದವನಲ್ಲ.
ಮೂಗಿಗೆ ಟವೆಲು ಕಟ್ಟಿಕೊಂಡೇ ಬ್ಲೇಡು ಏರಿಸಿದೆ.
ಅವನು ನೋಡಿದ, ಏನೂ ಅನ್ನಲಿಲ್ಲ.
ಗರಗಸಕ್ಕೆ ಮೊದಲು ಸಿಕ್ಕಿದ್ದು ಮೂಳೆಚೂರು,
ಆಮೇಲೆ ಕತ್ತಿಯಿಂದ ಉದುರಿ ಹೂತ ಉಕ್ಕು,
ಆಮೇಲೆ ಬರೀ ಒಂದು ಉದ್ದನೆಯ ಕೀರಲು.
ಬೆಳಿಗ್ಗೆ ತಾನೇ ತಿಕ್ಕಿದ ಹಲ್ಲುಗಳಲ್ಲಿ
ಏಳು ಮಡಚಿದವು. ಎಣಿಸಿದೆ.

ಬಿಲ್ಲೆ ಕಳಚಿ ಬಿತ್ತು, ಸೀದ ರೊಟ್ಟಿಯ ಹಾಗೆ.
ಅದರಡಿ
ಹಳದಿಯ ನಡುವೆ ನೇರಳೆ.
ಹತ್ತೊಂಬತ್ತು ವರ್ಷದ ಏಟುಗಳಲ್ಲಿ ಒಂದೂ
ಎರಡು ಬೆರಳಿನಾಚೆ ಇಳಿದಿರಲಿಲ್ಲ.

ದಸ್ತಗೀರ್ ಅಂಗೈ ಇಟ್ಟ. ನಾನೂ ಇಟ್ಟೆ.
ಬಿಸಿಯಿತ್ತು, ಬ್ಲೇಡಿನ ಬಿಸಿ.
'ಅಬ್ಬಾ ಇದ್ದಿದ್ದರೆ ಚೌಕಾಸಿ ಮಾಡೋರು' ಅಂದ.
'ಮಾಡು' ಅಂದೆ. ಮಾಡಿದ.
ಟವೆಲು ಯಾವಾಗ ಕೊರಳಿಗಿಳಿದಿತ್ತೋ ಗೊತ್ತಿಲ್ಲ.

ಸಂಜೆ ಏಳೂ ಹಲ್ಲಿಗೆ ಅರ ಹಿಡಿದು ಕೂತಿದ್ದೆ.
ಹೊಟ್ಟಿನ ಗುಡ್ಡೆಯ ಪಕ್ಕ ಆ ಕಪ್ಪು ಬಿಲ್ಲೆ,
ಅದರ ಸುತ್ತ ಎರಡು ನಾಯಿ.
ನೆಕ್ಕುವುದು, ಮುಖ ಎತ್ತುವುದು, ಮತ್ತೆ ನೆಕ್ಕುವುದು.
ಅವಕ್ಕೆ ಅದು
ಸಪ್ಪೆಯಲ್ಲ.